ಹನುಮಂತನಗರದ ಮಕ್ಕಳೂ ಕಡಲೆಕಾಯಿ ಪರಿಷೆಯೂ

ಹನುಮಂತನಗರದ ರಾಮಾಂಜನೇಯ ಗುಡ್ಡದ ಬಳಿ ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ನಿಂತವರಿಗೆ ಒಂದು ನೋಟವು ಕಾಣದೆ ಇರದು. ಪಾಠಶಾಲೆಯ ವ್ಯಾನುಗಳು ಒಂದರ ಹಿಂದೊಂದು ಬರುತ್ತವೆ. ಬೆನ್ನಿಗೆ ಹೊರೆ ಹೊತ್ತ ಮಕ್ಕಳು ಮನೆಯ ಬಾಗಿಲಿನಿಂದ ವ್ಯಾನಿಗೂ, ವ್ಯಾನಿನಿಂದ ಪಾಠಶಾಲೆಯ ಗೇಟಿಗೂ ಸಾಗಿಸಲ್ಪಡುತ್ತಾರೆ. ಸಾಯಂಕಾಲ ಅದೇ ಕ್ರಮವು ಹಿಂದುಮುಂದಾಗಿ ನಡೆಯುತ್ತದೆ, ಬಳಿಕ ಟ್ಯೂಷನ್. ಇವರಲ್ಲಿ ಎಷ್ಟು ಮಂದಿ ತಮ್ಮ ಬೀದಿಯಿಂದ ದೊಡ್ಡ ಬಸವಣ್ಣನ ಗುಡಿಗೆ ಯಾರ ಸಹಾಯವೂ ಇಲ್ಲದೆ ನಡೆದು ಹೋಗಬಲ್ಲರು? ಉಪಾಧ್ಯಾಯ ಮಹನೀಯರು ಈ ಪ್ರಶ್ನೆಯನ್ನು ತಮ್ಮ ತರಗತಿಯಲ್ಲಿ ಒಮ್ಮೆ ಕೇಳಿ ನೋಡಬೇಕೆಂದು ನಮ್ಮ ಪ್ರಾರ್ಥನೆ.

ನಮ್ಮದು ವಕೀಲಿ ವೃತ್ತಿ. ಕೆಲವು ವರ್ಷಗಳ ಹಿಂದೆ ನಮ್ಮ ಕಛೇರಿಗೆ ಒಬ್ಬ ತರುಣನು ಬಂದು ಸೇರಿದನು. ಪರೀಕ್ಷೆಗಳಲ್ಲಿ ಉನ್ನತ ಶ್ರೇಣಿ ಪಡೆದವನು, ಕಲಮುಗಳನ್ನು ಬಾಯಿಪಾಠವಾಗಿ ಹೇಳಬಲ್ಲವನು. ಒಂದು ದಿನ ಕನಕಪುರದ ಕಡೆಯ ರೈತರೊಬ್ಬರು ಪಹಣಿ ಹಿಡಿದು ಬಂದು, ಅಣ್ಣತಮ್ಮಂದಿರ ಪಾಲಿನಲ್ಲಿ ತಮಗೆ 12 ಗುಂಟೆ ಕಡಮೆ ಬಿದ್ದಿದೆಯೆಂದು ದೂರಿಕೊಂಡರು. ನಮ್ಮ ತರುಣನು ಪಾಲುವಿಭಾಗದ ಕಾನೂನನ್ನು ಒಂದಿಷ್ಟೂ ತಪ್ಪಿಲ್ಲದೆ ವಿವರಿಸಿದನು. ರೈತರು ಎಲ್ಲವನ್ನೂ ಕೇಳಿ, “ಅದಿರಲಿ ಸ್ವಾಮಿ, ಹನ್ನೆರಡು ಗುಂಟೆ ಅಂದರೆ ಎಷ್ಟು ಜಾಗ, ಅಂದಾಜು ಉಂಟೇ ತಮಗೆ?” ಎಂದರು. ತರುಣನು ಸುಮ್ಮನಾದನು. 40 ಗುಂಟೆಗೆ ಒಂದು ಎಕರೆ, 33 ಅಡಿ ಉದ್ದ 33 ಅಡಿ ಅಗಲವಾದರೆ ಒಂದು ಗುಂಟೆ ಎಂಬುದನ್ನು ಆ ರೈತರೇ ಕಛೇರಿಯ ಮುಂದಿನ ಬೀದಿಯಲ್ಲಿ ಹೆಜ್ಜೆಯಿಟ್ಟು ತೋರಿಸಿದರು. ಇದನ್ನು ಆ ತರುಣನನ್ನು ಹಳಿಯುವುದಕ್ಕಾಗಿ ನಾವು ಬರೆಯುತ್ತಿಲ್ಲ. ನಾವೂ ಗುಂಟೆಯನ್ನು ಕಲಿತದ್ದು ಮೂವತ್ತು ದಾಟಿದ ಮೇಲೆಯೇ, ಕಲಿಸಿದವರೂ ಕಕ್ಷಿಗಾರರೇ.

ಇದಕ್ಕೆ ಪರಿಹಾರವೆಂದು ಈಗ ಪಾಠಶಾಲೆಗಳವರು ವರ್ಷಕ್ಕೊಮ್ಮೆ ‘ಪ್ರವಾಸ’ವನ್ನು ಏರ್ಪಡಿಸುತ್ತಾರೆ. ಬಸ್ಸು ಯಾವುದೋ ನೀರಾಟದ ಉದ್ಯಾನದ ಬಾಗಿಲಿನಲ್ಲಿ ನಿಲ್ಲುತ್ತದೆ. ಮಕ್ಕಳು ನೆನೆದು, ತಿಂದು, ಹಿಂದಿರುಗುತ್ತಾರೆ. ಸಂತೋಷವೇನೋ ಸರಿ. ಆದರೆ ಆ ದಿನ ಯಾವ ಮಗುವಿನ ಮೇಲೂ ಯಾವ ಹೊಣೆಯೂ ಇರುವುದಿಲ್ಲ. ಅನುಭವವೆಂಬುದು ಹೊಣೆಯ ಜೊತೆಗೆ ಬರತಕ್ಕದ್ದೆಂದು ನಾವು ನಂಬಿದ್ದೇವೆ. ಅದಕ್ಕೆ ಬಸ್ಸೂ ಬೇಕಾಗಿಲ್ಲ, ಹಣವೂ ಬೇಕಾಗಿಲ್ಲ.

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಹನುಮಂತನಗರದಿಂದ ಅದು ಕಾಲ್ನಡಿಗೆಯ ದಾರಿ. ಚಿಂತಾಮಣಿ, ಮಾಗಡಿ, ತುಮಕೂರುಗಳ ಕಡೆಯಿಂದಲೂ, ನೆರೆಯ ತಮಿಳುನಾಡು ಆಂಧ್ರಗಳಿಂದಲೂ ಕಾಯಿಯ ಮೂಟೆಗಳು ಬಂದಿಳಿಯುತ್ತವೆ. ಹುಡುಗರ ಒಂದು ತಂಡಕ್ಕೆ ಸ್ವಲ್ಪ ಹಣವನ್ನು ಕೊಟ್ಟು, ತರಗತಿಗೆಲ್ಲ ಸಾಲುವಷ್ಟು ಕಾಯಿ ಕೊಂಡು ತಂದು ಲೆಕ್ಕವನ್ನು ಒಪ್ಪಿಸಿರೆಂದು ಹೇಳಿದರೆ ಏನಾದೀತು? ಮಾರುವವರು ಸೇರಿನಲ್ಲಿ ಅಳೆಯುತ್ತಾರೆ, ತೂಗುವುದಿಲ್ಲ. ಹಸಿಕಾಯಿಯ ಸೇರೂ ಹುರಿದ ಕಾಯಿಯ ಸೇರೂ ಅಳತೆಯಲ್ಲಿ ಒಂದೇ ಆದರೂ ತೂಕದಲ್ಲಿ ಬೇರೆಯೆಂಬುದು ಕೈಗೆ ತಾನಾಗಿ ತಿಳಿಯುತ್ತದೆ. ತಲೆತುಂಬಿ ಅಳೆದ ಸೇರಿಗೂ ತಲೆ ಸವರಿದ ಸೇರಿಗೂ ಇರುವ ಅಂತರವನ್ನು ಗಣಿತದ ಯಾವ ಪುಸ್ತಕವು ಹೇಳೀತು? ಚೌಕಾಸಿ ಮಾಡುವಾಗ ಎದುರಿಗಿರುವ ಅಜ್ಜಿಯು ಎರಡು ರಾತ್ರಿ ಬೀದಿಯಲ್ಲೇ ಮಲಗಿ ವ್ಯಾಪಾರಕ್ಕೆ ಕುಳಿತಿರುವಳೆಂದು ತಿಳಿದರೆ, ಎಲ್ಲಿಯವರೆಗೆ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹುಡುಗನು ತಾನೇ ನಿರ್ಣಯಿಸಬೇಕಾಗುತ್ತದೆ.

ಮತ್ತೊಂದು ಸಂಗತಿ. ಹೊಲಕ್ಕೆ ನುಗ್ಗಿ ಕಡಲೆಕಾಯಿ ತಿನ್ನುತ್ತಿದ್ದ ಬಸವನಿಗೆ ರೈತರು ಮೊದಲ ಬೆಳೆಯನ್ನು ಒಪ್ಪಿಸುವೆವೆಂದು ಹರಸಿಕೊಂಡ ಕಥೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಗುಡಿಯು ಕೆಂಪೇಗೌಡರ ಕಾಲದ್ದೆಂದೂ ಹೇಳುತ್ತಾರೆ. ಆದರೆ ಕಡಲೆಕಾಯಿಯು ದಕ್ಷಿಣ ಅಮೆರಿಕಾದ ಬೆಳೆ. 1492ರಲ್ಲಿ ಐರೋಪ್ಯರ ಹಡಗುಗಳು ಆ ಖಂಡದ ಕಡೆಗೆ ಮುಟ್ಟಿದ ತರುವಾಯವೇ ಅದು ಇತರ ದೇಶಗಳಿಗೆ ಹಬ್ಬಿತು. ಹಾಗಾದರೆ ಕೆಂಪೇಗೌಡರ ಕಾಲದ ಹೊಲಕ್ಕೆ ಅದು ಹೇಗೆ ಬಂದಿತು? ಪರಿಷೆಯಲ್ಲಿ ನಿಂತ ಹುಡುಗಿಯೊಬ್ಬಳು ಇದನ್ನು ಕೇಳಿದರೆ, ಗದರಿಸದೆ ‘ಹುಡುಕೋಣ’ ಎನ್ನುವ ಉಪಾಧ್ಯಾಯರು ನಮಗೆ ಬೇಕು.

ಹೆಚ್ಚುಕಡಮೆ ಅದೇ ದಿನಗಳಲ್ಲಿ ಗವಿಪುರಕ್ಕೂ ಹೋಗಬಹುದು. ಮಕರ ಸಂಕ್ರಾಂತಿಯ ಸಂಜೆ ಗವಿಗಂಗಾಧರೇಶ್ವರನ ಲಿಂಗದ ಮೇಲೆ ನಂದಿಯ ಕೊಂಬುಗಳ ನಡುವಿನಿಂದ ಬಿಸಿಲು ಬೀಳುವುದನ್ನು ನೋಡಲು ಊರೇ ನೆರೆಯುತ್ತದೆ. ಸೂರ್ಯನು ಡಿಸೆಂಬರ್ 21-22ರವರೆಗೆ ತೆಂಕಕ್ಕೆ ಸರಿದು ಅಲ್ಲಿಂದ ಬಡಗಕ್ಕೆ ತಿರುಗುವನಷ್ಟೆ. ಆದ್ದರಿಂದ ಜನವರಿ ನಡುವಿನಲ್ಲಿ ಅವನು ಇರುವ ಎಡೆಗೆ ನವೆಂಬರ್ ಕೊನೆಯಲ್ಲಿಯೂ ಒಮ್ಮೆ ಬಂದಿರಲೇಬೇಕು. ಬೆಳಕೂ ಆಗ ಒಳಹೊಗಲೇಬೇಕು. ಖಗೋಳಜ್ಞರು ಇದನ್ನು ಪರಿಶೀಲಿಸಿ ಹೌದೆಂದಿದ್ದಾರೆ. ಆದರೆ ಮೊದಲು ಲೆಕ್ಕ ಹಾಕಿ, ಬಳಿಕ ಆ ಸಂಜೆ ಗುಡಿಯೊಳಗೆ ಕಾದು ನಿಂತು, ಬಿಸಿಲು ಬಂದಿತೇ ಇಲ್ಲವೇ ಎಂದು ಕಣ್ಣಾರೆ ಕಾಣುವ ಹುಡುಗನ ಎದೆಬಡಿತವೇ ಬೇರೆ. ಮೋಡ ಮುಸುಕಿದರೆ ಮರುದಿನವೂ ಬರಬೇಕಾದೀತು.

ನಾವು ಹೇಳುತ್ತಿರುವುದು ಹೊಸದೇನೂ ಅಲ್ಲ. ಇಲ್ಲಿಗೆ ಹತ್ತಿರದ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರನ್ನು ನೆನೆಯಿರಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗರಾಗಿದ್ದ ಅವರು 1935ರಲ್ಲಿ ಹೈಸ್ಕೂಲು ಓದುವುದಕ್ಕಾಗಿ ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ನಡೆದೇ ಬಂದರು. ಮರುವರ್ಷ ಗಾಂಧೀಜಿಯವರು ಶಾಲೆಗೆ ಬಂದಾಗ ಅವರ ಹಿಂದೀ ಭಾಷಣವನ್ನು ಕನ್ನಡಿಸುವ ಕೆಲಸವು ಈ ವಿದ್ಯಾರ್ಥಿಯ ಪಾಲಿಗೆ ಬಂದಿತು. 1942ರಲ್ಲಿ ಓದನ್ನು ನಿಲ್ಲಿಸಿ ಸೆರೆಮನೆಗೆ ಹೋದರು. ಹಿಂದಿರುಗಿ ಓದನ್ನು ಮುಗಿಸಿ ಭೌತಶಾಸ್ತ್ರದ ಅಧ್ಯಾಪಕರಾದರು. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂ, ಪರೀಕ್ಷೆಯ ಹಂಗಿಲ್ಲದೆ ವಿಜ್ಞಾನವನ್ನು ಕೇಳಬಯಸುವ ಯಾರಿಗೂ ಬಾಗಿಲು ತೆರೆಯಿತು. ನರಸಿಂಹರಾಜ ಕಾಲೊನಿಯಲ್ಲಿ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ ಡಿ.ವಿ.ಜಿ.ಯವರಂತೂ ಮೆಟ್ರಿಕ್ಯುಲೇಷನ್ನನ್ನೇ ದಾಟಿದವರಲ್ಲ.

ಉಪಾಧ್ಯಾಯರು ನಮಗೆ ಒಂದು ಮಾತು ಹೇಳುವರು: “ವಕೀಲರೇ, ದಾರಿಯಲ್ಲಿ ಒಂದು ಮಗುವಿಗೆ ಗಾಡಿ ತಗಲಿದರೆ ಪೋಲೀಸು ಠಾಣೆಯ ಮೆಟ್ಟಿಲು ಹತ್ತುವವರು ನಾವು.” ಈ ಭಯವು ಸಟೆಯಲ್ಲ. ಇಂದಿನ ಬುಲ್ ಟೆಂಪಲ್ ರಸ್ತೆಯ ವಾಹನಗಳನ್ನು ಕಂಡವರು ಅದನ್ನು ನಗೆಯಾಡಲಾರರು. ಆದುದರಿಂದ ಹೊಣೆಯು ಉಪಾಧ್ಯಾಯರೊಬ್ಬರ ತಲೆಗೆ ಬೀಳಬಾರದು. ಆಡಳಿತ ಮಂಡಲಿಯವರು ಲಿಖಿತವಾಗಿ ಆಜ್ಞೆ ಮಾಡಬೇಕು. ತಂದೆತಾಯಂದಿರು ಒಪ್ಪಿಗೆಯ ಪತ್ರವನ್ನು ಕೊಡುವುದಷ್ಟೇ ಅಲ್ಲ, ಹತ್ತು ಮಕ್ಕಳಿಗೆ ಇಬ್ಬರಂತೆ ತಾವೇ ಜೊತೆಗೆ ನಡೆಯಬೇಕು. ಕಾನೂನು ಇದಕ್ಕೆ ಅಡ್ಡಿಯಾಗಿಲ್ಲ. 2009ರ ಶಿಕ್ಷಣದ ಹಕ್ಕು ಕಾಯಿದೆಯ 29ನೆಯ ಕಲಮು, ಚಟುವಟಿಕೆ ಮತ್ತು ಅನ್ವೇಷಣೆಗಳ ಮೂಲಕ ಕಲಿಯುವುದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ವಿಷಯದಲ್ಲಿ ನಮ್ಮ ನಾಡಿನಲ್ಲಿ ಭಿನ್ನಾಭಿಪ್ರಾಯಗಳು ಬಹಳ. ನಮಗೂ ಕೆಲವು ಉಂಟು. ಆದರೂ 6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲೆಂಬ ಅದರ ಸೂಚನೆಯನ್ನು ಯಾವ ಪಕ್ಷದವರೂ ವಿರೋಧಿಸಬೇಕಾಗಿಲ್ಲ.

ಹತ್ತು ದಿನವನ್ನು ನಾವು ಕೇಳುತ್ತಿಲ್ಲ. ಮೊದಲಿಗೆ ಎರಡು ದಿನ ಸಾಕು. ಬರುವ ಕಾರ್ತಿಕದ ಕಡೆಯ ಸೋಮವಾರ ಪರಿಷೆಗೊಂದು, ಗವಿಪುರಕ್ಕೊಂದು. ಹನುಮಂತನಗರದ ಯಾವ ಪಾಠಶಾಲೆಯವರಾದರೂ ಮುಂದೆ ಬಂದರೆ ಒಪ್ಪಿಗೆ ಪತ್ರದ ಕರಡನ್ನು ನಾವು ಬರೆದುಕೊಡುತ್ತೇವೆ. ನಮ್ಮ ಕಛೇರಿಯಿಂದ ಇಬ್ಬರು ಜೊತೆಗೂ ಬರುತ್ತೇವೆ. ಗುಂಟೆ ಕಲಿತ ಆ ತರುಣನು ಆಗಲೇ ಹೆಸರು ಕೊಟ್ಟಿದ್ದಾನೆ.