ಕೆಂಪು ಫೋನು ಬದಲಾದ ಕಥೆ

1979ರ ಮಾರ್ಚ್ 28, ಬುಧವಾರ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ ಸಸ್ಕ್ವೆಹಾನಾ ನದಿಯ ನಡುಗಡ್ಡೆಯ ಮೇಲೆ ನಿಂತಿದ್ದ ತ್ರೀ ಮೈಲ್ ಐಲ್ಯಾಂಡ್ ಪರಮಾಣು ವಿದ್ಯುತ್ ಸ್ಥಾವರದಲ್ಲಿ ರಾತ್ರಿ ಪಾಳಿ ನಡೆದಿತ್ತು. ಬೆಳಗಿನ ಜಾವ ನಾಲ್ಕರ ಹೊತ್ತಿಗೆ 2ನೇ ಘಟಕಕ್ಕೆ ನೀರುಣಿಸುವ ಪಂಪುಗಳು ನಿಂತವು. ಒತ್ತಡ ತಗ್ಗಿಸಲೆಂದು ತೆರೆದುಕೊಂಡ ಕವಾಟ ಮತ್ತೆ ಮುಚ್ಚಿಕೊಳ್ಳಬೇಕಿತ್ತು, ಮುಚ್ಚಿಕೊಳ್ಳಲಿಲ್ಲ. ಆದರೆ ನಿಯಂತ್ರಣ ಕೊಠಡಿಯ ಫಲಕದ ಮೇಲಿನ ದೀಪ ಅದು ಮುಚ್ಚಿದೆ ಎಂಬ ಭ್ರಮೆ ಹುಟ್ಟಿಸಿತು. ಗಂಟೆಗಟ್ಟಲೆ ನೀರು ಸೋರಿಹೋಯಿತು. ಇಂಧನದ ಸುಮಾರು ಅರ್ಧ ಭಾಗ ಕರಗಿತ್ತೆಂಬುದು ಗೊತ್ತಾಗಿದ್ದು ವರ್ಷಗಳ ನಂತರ.

ಈ ಅಪಘಾತದ ಕವಾಟದ ಕಥೆ ಎಂಜಿನಿಯರಿಂಗ್ ತರಗತಿಗಳಲ್ಲಿ ಪಾಠವಾಗಿದೆ. ಅದರ ಟೆಲಿಫೋನಿನ ಕಥೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಬೆಳಿಗ್ಗೆ ಏಳರ ಸುಮಾರಿಗೆ ಸ್ಥಾವರದವರು ತುರ್ತು ಪರಿಸ್ಥಿತಿ ಸಾರಿದರು. ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ಪ್ರಾದೇಶಿಕ ಕಚೇರಿಗೆ, ಎಂದರೆ ಫಿಲಡೆಲ್ಫಿಯಾ ಸಮೀಪದ ಕಿಂಗ್ ಆಫ್ ಪ್ರಷ್ಯಾ ಎಂಬ ಊರಿಗೆ, ಫೋನ್ ಮಾಡಿದರು. ಎತ್ತಿಕೊಂಡದ್ದು ಆಯೋಗದ ಅಧಿಕಾರಿಯಲ್ಲ. ಕಚೇರಿ ಮುಚ್ಚಿದ ಹೊತ್ತಿನಲ್ಲಿ ಕರೆ ಸ್ವೀಕರಿಸಿ ಬರೆದಿಟ್ಟುಕೊಳ್ಳುವ ಸೇವೆಯ ನೌಕರರು. ಅವರು ಪಾಳಿಯ ಅಧಿಕಾರಿಯ ಮನೆಗೆ ಕರೆ ಮಾಡಿದರೆ ಆತ ಆಗಲೇ ಕೆಲಸಕ್ಕೆ ಹೊರಟು ದಾರಿಯಲ್ಲಿದ್ದ. ಮುಂಮುಕ್ಕಾಲು ಗಂಟೆಯ ಮೇಲೆ, 7.45ಕ್ಕೆ ಕಚೇರಿಯ ಬಾಗಿಲು ತೆರೆದಾಗಲೇ ಸುದ್ದಿ ತಲುಪಬೇಕಾದವರಿಗೆ ತಲುಪಿತು. ಅಷ್ಟರೊಳಗೆ, 7.24ಕ್ಕೆ, ಸ್ಥಾವರದಲ್ಲಿ ಅತಿ ಮೇಲಿನ ಹಂತದ ತುರ್ತು ಪರಿಸ್ಥಿತಿಯನ್ನೇ ಘೋಷಿಸಿಯಾಗಿತ್ತು.

ಇನ್ನೊಂದು ತಮಾಷೆ ನೋಡಿ. ಅದೇ ಬೆಳಿಗ್ಗೆ ಹ್ಯಾರಿಸ್‌ಬರ್ಗ್ ನಗರದ ಸಣ್ಣ ರೇಡಿಯೋ ಕೇಂದ್ರವೊಂದರ ಸಂಚಾರ ವರದಿಗಾರನಿಗೆ ಪೊಲೀಸರ ಓಡಾಟದ ಸುಳಿವು ಸಿಕ್ಕಿತು. ಕೇಂದ್ರದ ಸುದ್ದಿ ಮುಖ್ಯಸ್ಥ ಸ್ಥಾವರಕ್ಕೆ ಫೋನ್ ಮಾಡಿದ. ಸ್ವಿಚ್‌ಬೋರ್ಡಿನಲ್ಲಿದ್ದವರು ಗಡಿಬಿಡಿಯಲ್ಲಿ ಆ ಕರೆಯನ್ನು ನೇರ ನಿಯಂತ್ರಣ ಕೊಠಡಿಗೇ ಜೋಡಿಸಿಬಿಟ್ಟರು! ಈಗ ಮಾತಾಡಲು ಪುರಸೊತ್ತಿಲ್ಲ, ಇಲ್ಲೊಂದು ತೊಂದರೆಯಾಗಿದೆ ಎಂಬ ಉತ್ತರ ಆತನಿಗೆ ಸಿಕ್ಕಿತು. ಪತ್ರಕರ್ತನಿಗೆ ಅಷ್ಟು ಸಾಲದೆ? 8.25ಕ್ಕೆ ಸುದ್ದಿ ಬಾನಿಗೇರಿತು.

ಆಮೇಲೆ ನಡೆದದ್ದನ್ನು ಊಹಿಸುವುದು ಕಷ್ಟವಲ್ಲ. ಯಾವುದೇ ಊರಿನ ಟೆಲಿಫೋನ್ ಎಕ್ಸ್‌ಚೇಂಜನ್ನು ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆಂದು ಲೆಕ್ಕ ಹಾಕಿ ಕಟ್ಟಿರುವುದಿಲ್ಲ. ನೂರು ಮನೆಗಳಲ್ಲಿ ಒಂದು ಹೊತ್ತಿಗೆ ಮಾತಾಡುವವರು ಕೆಲವೇ ಮಂದಿ ಎಂಬ ಲೆಕ್ಕದ ಮೇಲೆ ಅದು ನಿಂತಿರುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಏನಾಗುತ್ತದೆಂದು ಮಕ್ಕಳಿರುವ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ. ಭಯ ಹುಟ್ಟಿದಾಗ ಊರಿಗೆ ಊರೇ ರಿಸೀವರ್ ಎತ್ತುತ್ತದೆ, ಯಾರಿಗೂ ಡಯಲ್ ಟೋನ್ ಸಿಗುವುದಿಲ್ಲ. ಆ ಗುಂಪಿನಲ್ಲಿ ಅಣುಸ್ಥಾವರದ ಎಂಜಿನಿಯರೂ ಒಬ್ಬ. ಅವನ ಕರೆಗೆ ಎಕ್ಸ್‌ಚೇಂಜು ವಿಶೇಷ ಮರ್ಯಾದೆ ಕೊಡುವುದಿಲ್ಲ.

ಶುಕ್ರವಾರ, ಮಾರ್ಚ್ 30ರಂದು ಇದರ ಬೆಲೆ ಗೊತ್ತಾಯಿತು. ಸ್ಥಾವರದ ಹೊಗೆಗೊಳವೆಯ ಮೇಲೆ ಹಾರುತ್ತಿದ್ದ ಹೆಲಿಕಾಪ್ಟರು ಗಂಟೆಗೆ 1200 ಮಿಲಿರೆಮ್ ವಿಕಿರಣವನ್ನು ಅಳೆಯಿತು. ಅದೇ ಹೊತ್ತಿಗೆ ವಾಷಿಂಗ್ಟನ್ ಬಳಿಯ ಬೆಥೆಸ್ಡದಲ್ಲಿ ಆಯೋಗದ ತಜ್ಞರು, ಸೋರಿಕೆ ಇಷ್ಟಿದ್ದರೆ ನೆಲದ ಮೇಲೆ ಜನವಸತಿಯ ಬಳಿ ಎಷ್ಟಾದೀತು ಎಂದು ಕಾಗದದ ಮೇಲೆ ಗುಣಿಸುತ್ತಿದ್ದರು. ಅವರ ಲೆಕ್ಕಕ್ಕೂ ಬಂದದ್ದು 1200! ಅಷ್ಟರಲ್ಲಿ ಸ್ಥಾವರದ ಕಡೆಯಿಂದ ‘1200’ ಎಂಬ ಸುದ್ದಿ ಬಂತು. ಎಲ್ಲಿ ಅಳೆದದ್ದು, ಗೊಳವೆಯ ನೆತ್ತಿಯ ಮೇಲೋ ಜನರ ನೆತ್ತಿಯ ಮೇಲೋ ಎಂದು ಯಾರೂ ಕೇಳಲಿಲ್ಲ. ಜನರನ್ನು ಖಾಲಿ ಮಾಡಿಸಿ ಎಂಬ ಸಲಹೆ ರಾಜ್ಯಕ್ಕೆ ಹೋಯಿತು. ಗವರ್ನರ್ ಡಿಕ್ ಥಾರ್ನ್‌ಬರ್ಗ್ ಅದನ್ನು ಕೂಡಲೇ ಒಪ್ಪಲಿಲ್ಲ. ಆಯೋಗದ ಅಧ್ಯಕ್ಷ ಜೋಸೆಫ್ ಹೆಂಡ್ರಿ ತನ್ನ ಸಹೋದ್ಯೋಗಿಗಳೊಂದಿಗೆ ಮಾತಾಡುತ್ತ, ಗವರ್ನರ್ ಬಳಿ ಇರುವ ಮಾಹಿತಿ ಅಸ್ಪಷ್ಟ, ತನ್ನ ಬಳಿ ಮಾಹಿತಿಯೇ ಇಲ್ಲ, ಇಬ್ಬರು ಕುರುಡರು ತಡಕಾಡುತ್ತ ತೀರ್ಮಾನ ಮಾಡಿದಂತಿದೆ ಎಂದು ಒಪ್ಪಿಕೊಂಡ.

ಕೊನೆಗೆ ಐದು ಮೈಲಿಯೊಳಗಿನ ಗರ್ಭಿಣಿಯರು ಮತ್ತು ಶಾಲೆಗೆ ಹೋಗದ ಎಳೆಯ ಮಕ್ಕಳು ಹೊರಡಬೇಕೆಂದು ಸೂಚನೆ ಹೊರಟಿತು. 23 ಶಾಲೆಗಳು ಮುಚ್ಚಿದವು. ಹೊರಟದ್ದು ಅವರಷ್ಟೇ ಅಲ್ಲ. ಸುಮಾರು 1,40,000 ಜನ ಮನೆ ಬಿಟ್ಟರು. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಕಾರಿಗೆ ಪೆಟ್ಟಿಗೆ ತುಂಬುತ್ತಿದ್ದ ತಾಯಿಗೆ, ಈ ಆತಂಕದ ಬೇರು ಒಂದೇ ಅಂಕಿಯ ಎರಡು ಅರ್ಥಗಳಲ್ಲಿದೆ ಎಂದು ಹೇಳುವವರು ಯಾರು?

ಅಧ್ಯಕ್ಷ ಜಿಮ್ಮಿ ಕಾರ್ಟರ್ ನೌಕಾಪಡೆಯಲ್ಲಿದ್ದಾಗ ಅಣುಶಕ್ತಿಯ ಕೆಲಸ ಕಲಿತಿದ್ದವರು. ಅವರು ಹೆರಾಲ್ಡ್ ಡೆಂಟನ್ ಎಂಬ ಹಿರಿಯ ಅಧಿಕಾರಿಯನ್ನು ಸ್ಥಳಕ್ಕೆ ಕಳಿಸಿದರು; ಜೊತೆಗೇ ಶ್ವೇತಭವನ, ಸ್ಥಾವರ, ಗವರ್ನರ್ ಕಚೇರಿ ಮತ್ತು ಆಯೋಗವನ್ನು ಜೋಡಿಸುವ ನೇರ ತಂತಿಗಳನ್ನು ಹಾಕಿಸಿದರು. ಮಾತು ಒಬ್ಬನ ಬಾಯಿಂದ ಬರತೊಡಗಿದ ಮೇಲೆ ಊರು ಸ್ವಲ್ಪ ತಣ್ಣಗಾಯಿತು. ಅನಂತರ ತನಿಖೆ ನಡೆಸಿದ ಆಯೋಗದ ಮುಖ್ಯಸ್ಥ ಜಾನ್ ಕೆಮೆನಿ. ಕಂಪ್ಯೂಟರ್ ಕಲಿತ ಹಿಂದಿನ ತಲೆಮಾರಿನವರಿಗೆ ಈ ಹೆಸರು ಪರಿಚಿತ. 1964ರಲ್ಲಿ ‘ಬೇಸಿಕ್’ ಭಾಷೆಯನ್ನು ರೂಪಿಸಿದ ಇಬ್ಬರಲ್ಲಿ ಅವರೊಬ್ಬರು.

ಅಪಘಾತದ ನಂತರ ಅಮೆರಿಕದ ಸ್ಥಾವರಗಳ ನಿಯಂತ್ರಣ ಕೊಠಡಿಗಳಿಂದ ಆಯೋಗದ ಕೇಂದ್ರಕ್ಕೆ ನೇರ ಫೋನುಗಳು ಬಂದವು. ‘ಕೆಂಪು ಫೋನು’ ಎಂದೇ ಅವುಗಳಿಗೆ ಅಡ್ಡಹೆಸರು. ಡಯಲ್ ಮಾಡುವ ಗೋಜಿಲ್ಲ. ಇಲ್ಲಿ ರಿಸೀವರ್ ಎತ್ತಿದರೆ ಅಲ್ಲಿ ಗಂಟೆ ಬಾರಿಸುತ್ತದೆ, ಅಲ್ಲಿ ಹಗಲಿರುಳೂ ಒಬ್ಬರು ಕೂತಿರುತ್ತಾರೆ. ತುರ್ತು ಪರಿಸ್ಥಿತಿ ಸಾರಿದ ಒಂದು ಗಂಟೆಯೊಳಗೆ ಆಯೋಗಕ್ಕೂ, 15 ನಿಮಿಷದೊಳಗೆ ರಾಜ್ಯ ಮತ್ತು ಸ್ಥಳೀಯ ಆಡಳಿತಕ್ಕೂ ತಿಳಿಸಬೇಕೆಂಬ ನಿಯಮಗಳು ಬಂದವು.

ಆದರೆ ಫೋನಿಗೂ ವಯಸ್ಸಾಗುತ್ತದೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಈ ಏರ್ಪಾಡು ಹಳತಾಯಿತು. 1991ರಲ್ಲಿ ಆಯೋಗ ಸ್ಥಾವರಗಳಿಗೆಲ್ಲ ಪತ್ರ ಬರೆದು, ತುರ್ತು ಮಾರ್ಗಗಳನ್ನು ಕೇಂದ್ರ ಸರ್ಕಾರದ ಹೊಸ ದೂರಸಂಪರ್ಕ ಜಾಲಕ್ಕೆ ಬದಲಾಯಿಸುವುದಾಗಿ ತಿಳಿಸಿತು. ಹೊಸ ತಂತಿಗಳು ಊರಿನ ಎಕ್ಸ್‌ಚೇಂಜಿನ ಸ್ವಿಚ್ಚುಗಳನ್ನು ಹಾಯದೆ ನೇರವಾಗಿ ದೂರದ ಜಾಲ ಸೇರುವಂತಿದ್ದವು. ಊರೆಲ್ಲ ಒಟ್ಟಿಗೆ ರಿಸೀವರ್ ಎತ್ತಿದರೂ ಇವು ಕಟ್ಟಿಕೊಳ್ಳಬಾರದು. ಘಟನೆ ತಿಳಿಸಲು ಒಂದು, ವಿಕಿರಣ ತಜ್ಞರಿಗೆ ಇನ್ನೊಂದು, ರಿಯಾಕ್ಟರ್ ತಜ್ಞರಿಗೆ ಮತ್ತೊಂದು ಎಂದು ಮಾರ್ಗಗಳೂ ಬೇರೆ ಬೇರೆಯಾದವು. ಅಂಕಿಗಳನ್ನು ಬಾಯಲ್ಲಿ ಓದಿ ಹೇಳುವ ಬದಲು ಸ್ಥಾವರದ ಕಂಪ್ಯೂಟರೇ ಮೋಡೆಮ್ ಮೂಲಕ ಕಳಿಸುವ ವ್ಯವಸ್ಥೆ ಸೇರಿತು. 1200 ಎಂದರೆ ಎಲ್ಲಿಯ 1200 ಎಂಬ ಗೊಂದಲಕ್ಕೆ ಅದೇ ಸರಿಯಾದ ಮದ್ದು. ಕೀಚು ದನಿಯ ಆ ಮೋಡೆಮ್‌ಗಳಿಗೂ ಕಾಲ ಸಂದು, 2010ರ ದಶಕದ ಆರಂಭದಲ್ಲಿ ಇಂಟರ್‌ನೆಟ್ ಆಧರಿಸಿದ ಸುರಕ್ಷಿತ ಸಂಪರ್ಕ ಬಂತು.

ಹಾಗಾದರೆ ಹಳೆಯದನ್ನು ಎಸೆದು ಹೊಸದನ್ನು ತಂದರಾಯಿತೆ? ಅಷ್ಟು ಸುಲಭವಲ್ಲ. ಹಳೇ ತಾಮ್ರದ ತಂತಿಯ ಫೋನಿನಲ್ಲಿ ಒಂದು ದೊಡ್ಡ ಗುಣವಿತ್ತು. ಮನೆಯಲ್ಲಿ ಕರೆಂಟು ಹೋದರೂ ಅದು ಕೆಲಸ ಮಾಡುತ್ತಿತ್ತು, ಏಕೆಂದರೆ ಅದಕ್ಕೆ ಬೇಕಾದ 48 ವೋಲ್ಟ್ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ ಅದೇ ತಂತಿಯಲ್ಲೇ ಹರಿದು ಬರುತ್ತಿತ್ತು. ಗಾಜಿನ ಎಳೆ ವಿದ್ಯುತ್ತನ್ನು ಹೊರುವುದಿಲ್ಲ, ಬೆಳಕನ್ನಷ್ಟೇ ಹೊರುತ್ತದೆ. ಹೊಸ ಫೋನಿಗೆ ಅದು ಇರುವ ಜಾಗದಲ್ಲೇ ಕರೆಂಟು ಬೇಕು. ಮೊಬೈಲ್ ಗೋಪುರಕ್ಕೂ ಬೇಕು.

2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಇಲ್ಲದಾದದ್ದು ಅದೇ ಕರೆಂಟು. ಭೂಕಂಪದ ಹಿಂದೆಯೇ ಬಂದ ಸುನಾಮಿ ಸ್ಥಾವರವನ್ನು ಕತ್ತಲಲ್ಲಿ ಮುಳುಗಿಸಿತು. ಕಾರ್ಮಿಕರು ಸ್ಥಾವರದೊಳಗೆ ಓಡಾಡುತ್ತ ಬಳಸುತ್ತಿದ್ದ ಕೈಫೋನುಗಳು ಸತ್ತವು. ಟಾರ್ಚು ಹಿಡಿದು ಮೀಟರ್ ನೋಡಲು ಹೋದವರು ಕಂಡದ್ದನ್ನು ಹೇಳಲು ನಡೆದೇ ವಾಪಸು ಬರಬೇಕಾಯಿತು. ನಿಯಂತ್ರಣ ಕೊಠಡಿಗೂ ತುರ್ತು ಕೇಂದ್ರಕ್ಕೂ ನಡುವೆ ಉಳಿದದ್ದು ಹಳೇ ತಂತಿಯ ಫೋನು. ಸುಮಾರು ಐದು ಕಿಲೋಮೀಟರ್ ದೂರದ ಒಕುಮಾದಲ್ಲಿ ಇಂಥ ದಿನಕ್ಕೆಂದೇ ಕಟ್ಟಿದ್ದ ಸರ್ಕಾರಿ ಕೇಂದ್ರದ ಸಂಪರ್ಕವೂ ಹರಿದುಹೋಗಿತ್ತು. 2012ರ ಮಾರ್ಚಿನಲ್ಲಿ ಅಮೆರಿಕದ ಆಯೋಗ ತನ್ನ ಸ್ಥಾವರಗಳಿಗೆ ಹೊಸ ಪ್ರಶ್ನೆ ಹಾಕಿತು: ಕರೆಂಟೂ ಇಲ್ಲ, ಸುತ್ತಲಿನ ಫೋನ್ ಜಾಲವೂ ಇಲ್ಲ ಎಂದಾದರೆ ನಿಮ್ಮ ಮಾತು ಹೇಗೆ ಹೊರಬರುತ್ತದೆ? ಉಪಗ್ರಹ ಫೋನುಗಳು ಆಗ ಪಟ್ಟಿ ಸೇರಿದವು. ಅವುಗಳದ್ದೂ ಒಂದು ಪೇಚು. ಅವಕ್ಕೆ ಆಕಾಶ ಕಾಣಬೇಕು. ದಪ್ಪ ಕಾಂಕ್ರೀಟಿನ ಕೋಣೆಯೊಳಗೆ ಕೂತು ಮಾತಾಡಬೇಕಾದರೆ ಹೊರಗೆ ಆಂಟೆನಾ ಹಾಕಿ ತಂತಿ ಎಳೆಯಬೇಕು!

ಕಾಳಿ ನದಿಯ ಕಣಿವೆಯಲ್ಲಿ, ದಟ್ಟ ಕಾಡಿನ ನಡುವೆ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿರುವ ಕೈಗಾದ ನೆನಪು ಕನ್ನಡಿಗರಿಗೆ ಇಲ್ಲಿ ಬಂದೇ ಬರುತ್ತದೆ. ಸ್ಥಾವರದ ಬೇಲಿಯಾಚೆಗಿನ ತುರ್ತು ಕಾರ್ಯದ ಹೊಣೆ ನಮ್ಮಲ್ಲಿ ಜಿಲ್ಲಾಧಿಕಾರಿಯದು. ಅಂದರೆ ಸ್ಥಾವರದ ಫೋನು ಮೊದಲು ಮುಟ್ಟಬೇಕಾದ ಕಿವಿಗಳಲ್ಲಿ ಕಾರವಾರದ ಕಚೇರಿಯದೂ ಒಂದು. ಆಗಾಗ ನಡೆಯುವ ಅಣಕು ಕಾರ್ಯಾಚರಣೆಯ ಸುದ್ದಿ ಓದುವ ವಿದ್ಯಾರ್ಥಿಗಳು ಬಸ್ಸುಗಳ ಸಂಖ್ಯೆಯ ಜೊತೆಗೆ, ಮೊದಲ ಕರೆ ಎಷ್ಟು ಹೊತ್ತಿಗೆ ಹೋಯಿತು, ಯಾರು ಎತ್ತಿಕೊಂಡರು ಎಂಬುದನ್ನೂ ಹುಡುಕಬಹುದು.

ಇನ್ನು ಅಮೆರಿಕದಲ್ಲಿ ಬೆಳೆದುಬಂದ ಒಂದು ರೂಢಿ. ಏನೂ ಆಗದ ದಿನವೂ ಆಯೋಗದ ಕೇಂದ್ರದಿಂದ ಸ್ಥಾವರಗಳಿಗೆ ತುರ್ತು ಮಾರ್ಗದಲ್ಲೇ ಕರೆ ಹೋಗುತ್ತಿತ್ತು. ಇವತ್ತು ಎಷ್ಟು ಶೇಕಡಾ ವಿದ್ಯುತ್ತು ಎಂದು ಕೇಳಿ, ಬರೆದುಕೊಂಡು, ಇಡುವುದು. ಲೆಕ್ಕವೂ ಸಿಕ್ಕಿತು, ತಂತಿ ಬದುಕಿದೆಯೆಂದೂ ಗೊತ್ತಾಯಿತು.