ಆಂಬುಲೆನ್ಸ್ ಹೆಚ್ಚಾದರೆ ಸಾಕೇ? ಹಳ್ಳಿಯಿಂದ ಆಸ್ಪತ್ರೆಯವರೆಗಿನ ಮೂರು ವಿಳಂಬಗಳು

ಹೆರಿಗೆಯ ನಂತರ ತೀವ್ರ ರಕ್ತಸ್ರಾವ ಶುರುವಾಗಿ ಚಿಕಿತ್ಸೆ ಸಿಗದಿದ್ದರೆ ತಾಯಿ ಸುಮಾರು ಎರಡು ಗಂಟೆಯಲ್ಲಿ ಸಾಯಬಹುದು. ಇಂತಹ ಸಾವಿನ ಸುದ್ದಿ ಬಂದಾಗ "ಹಳ್ಳಿಗೊಂದು ಆಂಬುಲೆನ್ಸ್ ಇದ್ದಿದ್ದರೆ ಉಳಿಯುತ್ತಿದ್ದರು" ಎನ್ನುತ್ತೇವೆ. ಇದು ಅರ್ಧ ಸತ್ಯ ಮಾತ್ರ.

ಸಮಯ ಎಲ್ಲಿ ಹೋಗುತ್ತದೆ?

ಸೆರೀನ್ ಥಡ್ಡಿಯಸ್ ಮತ್ತು ಡೆಬೋರಾ ಮೇನ್ ಎಂಬ ಸಂಶೋಧಕಿಯರು 1994ರಲ್ಲಿ ಇದನ್ನು ಮೂರು ವಿಳಂಬಗಳಾಗಿ ವಿಂಗಡಿಸಿದರು. ಮೊದಲನೆಯದು, ಆಸ್ಪತ್ರೆಗೆ ಹೋಗಬೇಕೆಂದು ತೀರ್ಮಾನಿಸುವಲ್ಲಿನ ವಿಳಂಬ: ಗಂಡ ಊರಲ್ಲಿಲ್ಲ, ಕೈಯಲ್ಲಿ ದುಡ್ಡಿಲ್ಲ, ಬೆಳಗಾಗಲಿ ನೋಡೋಣ. ಎರಡನೆಯದು, ದಾರಿಯದ್ದು. ಮೂರನೆಯದು, ಆಸ್ಪತ್ರೆ ತಲುಪಿದ ಮೇಲೆ ವೈದ್ಯರು, ರಕ್ತ, ಔಷಧಿಗಾಗಿ ಕಾಯುವುದು. ಆಂಬುಲೆನ್ಸ್ ಮುಖ್ಯವಾಗಿ ಎರಡನೆಯದನ್ನಷ್ಟೇ ಕಡಿಮೆ ಮಾಡುತ್ತದೆ.

ಭಾರತದಲ್ಲಿ 108 ಸೇವೆ 2005ರಲ್ಲಿ ಆಂಧ್ರಪ್ರದೇಶದಲ್ಲಿ ಶುರುವಾಯಿತು. ಕರ್ನಾಟಕಕ್ಕೆ 2008ರಲ್ಲಿ 'ಆರೋಗ್ಯ ಕವಚ' ಹೆಸರಿನಲ್ಲಿ ಬಂತು. ಇದರ ಉಪಯೋಗ ದೊಡ್ಡದು. ಆದರೆ ದೂರದ ಹಳ್ಳಿಗೆ ಒಂದು ತೊಡಕಿದೆ. ವಾಹನ ಮೊದಲು ಊರಿಗೆ ಬರಬೇಕು, ನಂತರ ಆಸ್ಪತ್ರೆಗೆ ಹೋಗಬೇಕು. ಊರಲ್ಲೇ ಇರುವ ವಾಹನಕ್ಕೆ ಹೋಗುವ ದಾರಿ ಒಂದೇ.

ಊರಿನ ವಾಹನವೇ ಆಂಬುಲೆನ್ಸ್

ನೈಜೀರಿಯಾದ ಗೋಂಬೆ ರಾಜ್ಯದಲ್ಲಿ ಇದೇ ಲೆಕ್ಕಾಚಾರ ನಡೆಯಿತು. ಚಾಲಕರ ಸಂಘದ ಮೂಲಕ ಟ್ಯಾಕ್ಸಿ ಚಾಲಕರಿಗೆ ಗರ್ಭಿಣಿಯರನ್ನು ಸುರಕ್ಷಿತವಾಗಿ ಕರೆದೊಯ್ಯುವ ತರಬೇತಿ ಕೊಡಲಾಯಿತು. ಅವರಿಗೆ ಸಿಕ್ಕ ಪ್ರತಿಫಲ ಸಂಬಳವಲ್ಲ, ಟ್ಯಾಕ್ಸಿ ನಿಲ್ದಾಣದ ಸರದಿಯಲ್ಲಿ ಮೊದಲ ಸ್ಥಾನ. ಚಾಲಕನಿಗೆ ಅದೇ ಗಳಿಕೆ. ಆದರೆ ಟ್ಯಾಕ್ಸಿಯಲ್ಲಿ ಆಮ್ಲಜನಕವಿಲ್ಲ, ನರ್ಸ್ ಇಲ್ಲ. ಬೆನ್ನುಮೂಳೆಗೆ ಪೆಟ್ಟಾದವರನ್ನು ಸೀಟಿನಲ್ಲಿ ಮುದುರಿ ಕೂರಿಸುವುದು ಅಪಾಯ.

ಜಾಂಬಿಯಾದ ಸೆರೆಂಜೆ ಜಿಲ್ಲೆಯಲ್ಲಿ ತೀವ್ರ ಮಲೇರಿಯಾ ತಗುಲಿದ ಮಕ್ಕಳಿಗಾಗಿ ಇನ್ನೊಂದು ಹೆಜ್ಜೆ ಇಟ್ಟರು. ಊರಿನ ಆರೋಗ್ಯ ಸ್ವಯಂಸೇವಕರು ಗುದದ್ವಾರದ ಮೂಲಕ ಆರ್ಟೆಸುನೇಟ್ ಔಷಧಿ ಕೊಟ್ಟು, ಸೈಕಲ್‌ಗೆ ಜೋಡಿಸಿದ ಗಾಡಿಯಲ್ಲಿ ಮಗುವನ್ನು ಆಸ್ಪತ್ರೆಗೆ ಕಳಿಸುತ್ತಿದ್ದರು. ಯೋಜನೆಯ ಅವಧಿಯಲ್ಲಿ ಸಾವಿನ ಪ್ರಮಾಣ ಶೇ. 8ರಿಂದ ಶೇ. 0.25ಕ್ಕೆ ಇಳಿದಿದ್ದು ವರದಿಯಾಯಿತು.

ಹಾಗಾದರೆ ಔಷಧಿಯೇ ಸಾಕೇ? ಇಲ್ಲ. ಕಾಂಗೋ, ನೈಜೀರಿಯಾ, ಉಗಾಂಡಾಗಳಲ್ಲಿ ಇದೇ ಔಷಧಿಯನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಸಾವು ಕಡಿಮೆಯಾಗಲಿಲ್ಲ. ಎಷ್ಟೋ ಮಕ್ಕಳಿಗೆ ಮುಂದಿನ ಚಿಕಿತ್ಸೆ ಪೂರ್ತಿಯಾಗಿ ಸಿಗಲಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಈ ಬಗ್ಗೆ ಎಚ್ಚರಿಸಿತು. ಔಷಧಿ, ಸಾಗಾಟ, ಆಸ್ಪತ್ರೆ ಒಂದೇ ಸರಪಳಿಯ ಕೊಂಡಿಗಳು. ಒಂದು ಕಳಚಿದರೂ ಉಳಿದವು ವ್ಯರ್ಥ.

ನಮ್ಮ ಹಳ್ಳಿಗಳಿಗೆ ಇದರ ಅರ್ಥವೇನು?

2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಗರ್ಭಿಣಿಗೆ ಮನೆಯಿಂದ ಸರ್ಕಾರಿ ಆಸ್ಪತ್ರೆಗೆ, ಅಗತ್ಯವಿದ್ದರೆ ಅಲ್ಲಿಂದ ದೊಡ್ಡ ಆಸ್ಪತ್ರೆಗೆ, ಮತ್ತೆ ಮನೆಗೆ ಸಾಗಾಟ ಉಚಿತ. ಆದರೆ ಮೊದಲ ವಿಳಂಬವನ್ನು ಯಾವ ವಾಹನವೂ ತಪ್ಪಿಸಲಾರದು. ಆದ್ದರಿಂದ ಏಳನೇ ತಿಂಗಳಲ್ಲೇ ಆಶಾ ಕಾರ್ಯಕರ್ತೆಯೊಂದಿಗೆ ಕೂತು ನಾಲ್ಕು ವಿಷಯ ನಿರ್ಧರಿಸಿ: 108 ತಡವಾದರೆ ಊರಲ್ಲಿ ಯಾರ ವಾಹನ? ಜೊತೆಗೆ ಯಾರು ಹೋಗುತ್ತಾರೆ? ರಕ್ತ ಸಿಗುವ, ಶಸ್ತ್ರಚಿಕಿತ್ಸೆ ಮಾಡುವ ಹತ್ತಿರದ ಆಸ್ಪತ್ರೆ ಯಾವುದು? ಗಂಡ ಊರಲ್ಲಿಲ್ಲದಾಗ "ಹೊರಡಿ" ಎನ್ನುವ ಅಧಿಕಾರ ಯಾರಿಗೆ?

ಕೊನೆಯ ಪ್ರಶ್ನೆಗೆ ಖರ್ಚೇ ಇಲ್ಲ. ಆದರೂ ಹಲವು ಮನೆಗಳಲ್ಲಿ ಅದಕ್ಕೆ ಉತ್ತರ ಸಿಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.