ಸ್ಥಾಲೀಪುಲಾಕನ್ಯಾಯವೂ ಅರ್ಬುದರೋಗವೂ

ಅನ್ನವು ಬೆಂದಿರುವುದೋ ಇಲ್ಲವೋ ಎಂಬುದನ್ನು ತಿಳಿಯಲು ಗೃಹಿಣಿಯು ಪಾತ್ರೆಯಲ್ಲಿನ ಅಗುಳುಗಳನ್ನೆಲ್ಲ ಹಿಸುಕಿ ನೋಡುವುದಿಲ್ಲ. ಸೌಟಿನ ತುದಿಯಿಂದ ಒಂದೇ ಅಗುಳನ್ನು ತೆಗೆದು, ಬೆರಳುಗಳ ನಡುವೆ ಒತ್ತಿ, ಉಳಿದವುಗಳ ಸ್ಥಿತಿಯನ್ನು ನಿಶ್ಚಯಿಸುವಳು. ಶಾಸ್ತ್ರಕಾರರು ಇದನ್ನೇ ಸ್ಥಾಲೀಪುಲಾಕನ್ಯಾಯವೆಂದು ಕರೆದಿರುವರು. ಈ ನ್ಯಾಯವು ಸಲ್ಲುವುದಕ್ಕೆ ಕಾರಣವುಂಟು. ಪಾತ್ರೆಯ ಅಕ್ಕಿಯೆಲ್ಲವೂ ಒಂದೇ ಜಾತಿಯದು. ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದುದು. ಹಳೆಯ ಅಕ್ಕಿಗೆ ಹೊಸ ಅಕ್ಕಿಯು ಬೆರೆತಿದ್ದರೆ, ಒಂದಗುಳಿನ ಸಾಕ್ಷ್ಯವನ್ನು ನಂಬಿದವರು ಎಲೆಯ ಮುಂದೆ ಕುಳಿತು ಪೇಚಾಡಬೇಕಾಗುವುದು. ಜನರು ಕ್ಯಾನ್ಸರ್ ಎಂದು ಕರೆಯುವ ಅರ್ಬುದರೋಗದ ಪರೀಕ್ಷೆಯಲ್ಲಿ ವೈದ್ಯರನ್ನು ಕಾಡುತ್ತಿರುವ ತೊಡಕೂ ಇದೇ ಆಗಿದೆ.

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಗಡ್ಡೆಯಾಗಿ ಬೆಳೆಯುವ ವ್ಯಾಧಿಗೆ ಅರ್ಬುದವೆಂಬ ಹೆಸರಿದೆ. ಭಾಸ್ಕರಾಚಾರ್ಯನ ಲೀಲಾವತಿಯ ಗಣನೆಯಲ್ಲಿ ಅದೇ ಶಬ್ದವು ಹತ್ತು ಕೋಟಿಯನ್ನು ಸೂಚಿಸುವುದು. ಮಕ್ಕಳು ಆಡುವ ಗೋಲಿಗಿಂತ ಕಿರಿದಾದ, ಒಂದು ಘನ ಸೆಂಟಿಮೀಟರಿನ ಗಡ್ಡೆಯಲ್ಲಿ ಹತ್ತು ಕೋಟಿಯಿಂದ ನೂರು ಕೋಟಿಯವರೆಗೆ ಜೀವಕಣಗಳಿರುವುವೆಂದು ಈಗಿನ ವಿಜ್ಞಾನಿಗಳು ಅಂದಾಜು ಮಾಡುವುದನ್ನು ನೋಡಿದರೆ, ಶಬ್ದದ ಈ ಎರಡು ಅರ್ಥಗಳು ಆಕಸ್ಮಿಕವಾಗಿ ಕೂಡಿದ್ದರೂ ಚೆನ್ನಾಗಿಯೇ ಕೂಡಿವೆ ಎನ್ನಬೇಕು. ಈ ಅಪಾರ ಸಮೂಹವು ಸಾಮಾನ್ಯವಾಗಿ ಒಂದೇ ಜೀವಕಣದ ಸಂತಾನವಾದರೂ ಏಕರೂಪವಾಗಿ ಉಳಿಯುವುದಿಲ್ಲ. ಪೀಳಿಗೆ ಪೀಳಿಗೆಗೂ ಹೊಸ ಮಾರ್ಪಾಡುಗಳು ಸೇರುತ್ತ ವಂಶವು ಕವಲೊಡೆಯುವುದೆಂದು ಅಮೆರಿಕದ ಪೀಟರ್ ನೋವೆಲ್ ಎಂಬ ಪಂಡಿತರು ೧೯೭೬ರಲ್ಲಿ ಪ್ರತಿಪಾದಿಸಿದರು. ಒಂದು ಕವಲು ಔಷಧಕ್ಕೆ ಮಣಿಯುವುದು, ಇನ್ನೊಂದು ಮಣಿಯದು. ಗಡ್ಡೆಯು ಕರಗಿತೆಂದು ಮನೆಯವರು ಹರಕೆಯನ್ನು ತೀರಿಸಿ ನೆಮ್ಮದಿಯಿಂದಿರುವಾಗ, ಮಣಿಯದೆ ಉಳಿದ ಕವಲು ಮತ್ತೆ ತಲೆಯೆತ್ತುವುದುಂಟು.

ಇದು ಕೇವಲ ತರ್ಕವಲ್ಲ. ಲಂಡನ್ ನಗರದ ಚಾರ್ಲ್ಸ್ ಸ್ವಾಂಟನ್ ಮತ್ತು ಅವರ ಸಂಗಡಿಗರು ಮೂತ್ರಪಿಂಡದ ಅರ್ಬುದಗಳಿಂದ ಬೇರೆ ಬೇರೆ ಸ್ಥಳಗಳ ತುಣುಕುಗಳನ್ನು ತೆಗೆದು ಪರೀಕ್ಷಿಸಿ, ೨೦೧೨ರಲ್ಲಿ ಫಲವನ್ನು ಪ್ರಕಟಿಸಿದರು. ಕಂಡುಬಂದ ಆನುವಂಶಿಕ ಮಾರ್ಪಾಡುಗಳಲ್ಲಿ ನೂರಕ್ಕೆ ೬೩ರಿಂದ ೬೯ರಷ್ಟು ಎಲ್ಲ ತುಣುಕುಗಳಲ್ಲಿಯೂ ಇರಲಿಲ್ಲ. ಒಂದೇ ತುಣುಕನ್ನು ನೋಡಿದವನಿಗೆ ಎಷ್ಟು ವಿಷಯವು ಮರೆಯಾಗಿರುವುದೆಂಬುದನ್ನು ವಾಚಕರೇ ಊಹಿಸಬಹುದು.

ತುಣುಕನ್ನು ಪರೀಕ್ಷಿಸುವ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು. ದೇಹದಿಂದ ತೆಗೆದ ಮಾಂಸವನ್ನು ಫಾರ್ಮಲಿನ್ ದ್ರವದಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ತೆಳುವಾದ ಪದರಗಳಾಗಿ ಕೊಯ್ಯುವರು. ಅವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಎರಡು ಬಣ್ಣಗಳನ್ನು ಕೊಡುವರು. ಮೆಕ್ಸಿಕೋ ಕಡೆಯ ಒಂದು ಮರದ ಚೇಗಿನಿಂದ ದೊರೆಯುವ ಹೆಮಟಾಕ್ಸಿಲಿನ್ ಎಂಬುದು ಜೀವಕಣದ ನಡುವಣ ಬೀಜವನ್ನು ನೀಲಿಯಾಗಿಸುವುದು. ಇಯೋಸಿನ್ ಎಂಬುದು ಸುತ್ತಲಿನ ಭಾಗವನ್ನು ಗುಲಾಬಿಯಾಗಿಸುವುದು. ತಜ್ಞರು ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಿ ರೋಗವನ್ನು ನಿರ್ಣಯಿಸುವರು. ಅವರ ಕಣ್ಣು ನುರಿತ ಕಣ್ಣು. ಆದರೆ ಲಕ್ಷಾಂತರ ಕಣಗಳನ್ನು ಒಂದೊಂದಾಗಿ ಎಣಿಸಿ, ಯಾವುದು ಯಾವುದರ ನೆರೆಯಲ್ಲಿರುವುದೆಂದು ಗುರುತುಹಾಕುವುದು ಮನುಷ್ಯನ ತಾಳ್ಮೆಗೆ ಮೀರಿದ ಕೆಲಸ.

ಕೃತಕ ಬುದ್ಧಿಮತ್ತೆಯು ನೆರವಾಗುವುದು ಇಲ್ಲಿಯೇ. ಗಾಜಿನ ಪಟ್ಟಿಯ ಚಿತ್ರವನ್ನು ಗಣಕಯಂತ್ರದೊಳಕ್ಕೆ ಇಳಿಸುವಾಗ, ಮಿಲಿಮೀಟರಿನ ಸಾವಿರದಲ್ಲಿ ಕಾಲು ಪಾಲಿಗೆ ಒಂದರಂತೆ ಬಿಂದುಗಳನ್ನಿಟ್ಟರೆ, ಒಂದೂವರೆ ಸೆಂಟಿಮೀಟರಿನ ಚೌಕದಲ್ಲಿ ೩೬೦ ಕೋಟಿ ಬಿಂದುಗಳಾಗುವುವು. ಇದು ಅರ್ಬುದಕಣ, ಇದು ರಕ್ಷಕಕಣ ಎಂದು ತಜ್ಞರು ಗುರುತಿಸಿಕೊಟ್ಟ ಸಾವಿರಾರು ಉದಾಹರಣೆಗಳಿಂದ ಯಂತ್ರವು ಭೇದವನ್ನು ಕಲಿತು, ಉಳಿದುದನ್ನು ತಾನೇ ಎಣಿಸುವುದು.

ಲಂಡನ್ನಿನಲ್ಲಿ ಯಿನ್‌ಯಿನ್ ಯುವಾನ್ ಎಂಬ ವಿದುಷಿಯೂ ಅವರ ಸಂಗಡಿಗರೂ ೨೦೨೦ರಲ್ಲಿ ಪ್ರಕಟಿಸಿದ ಸಂಶೋಧನೆಯು ಇದಕ್ಕೆ ನಿದರ್ಶನ. ಶ್ವಾಸಕೋಶದ ಅರ್ಬುದವಿದ್ದ ೧೦೦ ಮಂದಿಯಿಂದ, ಒಂದೇ ಗಡ್ಡೆಯ ಹಲವು ಭಾಗಗಳ ತುಣುಕುಗಳನ್ನು ತೆಗೆದಿದ್ದರು. ದೇಹದ ಕಾವಲುಗಾರರಾದ ಲಿಂಫೊಸೈಟ್ ಎಂಬ ಬಿಳಿಯ ರಕ್ತಕಣಗಳು ಎಲ್ಲೆಲ್ಲಿ ನೆರೆದಿವೆ, ಎಲ್ಲೆಲ್ಲಿ ವಿರಳವಾಗಿವೆ ಎಂಬುದನ್ನು ಯಂತ್ರವು ಗುರುತಿಸಿತು. ಒಂದೇ ಗಡ್ಡೆಯ ಒಂದು ಮೂಲೆಯಲ್ಲಿ ಕಾವಲು ಬಿಗಿಯಾಗಿದ್ದು ಮತ್ತೊಂದು ಮೂಲೆ ಬರಿದಾಗಿರುವುದುಂಟು. ಬರಿದಾದ ಭಾಗವನ್ನು ಅವರು ಶೀತಪ್ರದೇಶವೆಂದರು. ಅಂತಹ ಪ್ರದೇಶಗಳು ಒಂದಕ್ಕಿಂತ ಹೆಚ್ಚಾಗಿದ್ದವರಿಗೆ ರೋಗವು ಮರುಕಳಿಸುವ ಭಯವು ಅಧಿಕವೆಂದೂ, ಇದು ಗಡ್ಡೆಯ ಗಾತ್ರವನ್ನವಲಂಬಿಸಿದುದಲ್ಲವೆಂದೂ ತಿಳಿದುಬಂತು. ಬೇರೆ ೯೭೦ ಮಂದಿ ರೋಗಿಗಳಲ್ಲಿಯೂ ಇದೇ ಫಲವು ಕಂಡಿತು. ಇಲ್ಲಿ ಮುಖ್ಯವಾದುದು ಗಡ್ಡೆಯ ಸರಾಸರಿಯಲ್ಲ, ಅದರೊಳಗಿನ ವೈವಿಧ್ಯ.

ಹಾಗೆಂದು ಯಂತ್ರದ ಮಾತನ್ನು ವೇದವಾಕ್ಯವೆಂದು ಸ್ವೀಕರಿಸುವಂತಿಲ್ಲ. ಕೊಯ್ಯದೆ ಬಿಟ್ಟ ಭಾಗವನ್ನು ಅದು ಕಾಣಲಾರದು. ಇಷ್ಟೇ ಅಲ್ಲದೆ, ಸ್ಥಾಲೀಪುಲಾಕನ್ಯಾಯದ ದೋಷವು ಯಂತ್ರಕ್ಕೂ ತಟ್ಟುವುದು. ಒಂದೊಂದು ಆಸ್ಪತ್ರೆಯಲ್ಲಿ ಬಣ್ಣ ಕೊಡುವ ರೀತಿ ತುಸು ಬೇರೆ. ಅಮೆರಿಕದಲ್ಲಿ ಅನೇಕ ಆಸ್ಪತ್ರೆಗಳಿಂದ ಕೂಡಿಸಿದ ಚಿತ್ರಭಂಡಾರವನ್ನು ಪರಿಶೀಲಿಸಿದ ಷಿಕಾಗೋ ವಿಶ್ವವಿದ್ಯಾನಿಲಯದ ಸಂಶೋಧಕರು, ಚಿತ್ರವು ಯಾವ ಆಸ್ಪತ್ರೆಯಿಂದ ಬಂದುದೆಂದು ಯಂತ್ರವು ಗುರುತಿಸಬಲ್ಲದೆಂದೂ, ಅದರಿಂದ ರೋಗವನ್ನೇ ಕಂಡುಹಿಡಿದಂತೆ ಭ್ರಮೆಯುಂಟಾಗಬಹುದೆಂದೂ ೨೦೨೧ರಲ್ಲಿ ತೋರಿಸಿದರು. ಪಾಠವನ್ನು ಅರಿಯದೆ ಉಪಾಧ್ಯಾಯರ ಮುಖವನ್ನು ನೋಡಿ ಉತ್ತರ ಹೇಳುವ ಹುಡುಗನ ರೀತಿಯಿದು. ಒಂದೆಡೆ ಚೆನ್ನಾಗಿ ನಡೆದ ಯಂತ್ರವನ್ನು ಬೇರೆಡೆಯ ಚಿತ್ರಗಳಲ್ಲಿಯೂ ಪರೀಕ್ಷಿಸಿದ ಹೊರತು ನೆಚ್ಚಬಾರದು.

ಇದರಿಂದ ಗೃಹಸ್ಥರಿಗೆ ಆಗತಕ್ಕ ಪ್ರಯೋಜನವೇನು? ನಮ್ಮ ಮನೆಗಳಲ್ಲಿ ವೈದ್ಯರು ಇನ್ನೊಮ್ಮೆ ತುಣುಕನ್ನು ತೆಗೆಯಬೇಕೆಂದರೆ, ಮೊದಲನೆಯದು ವ್ಯರ್ಥವಾಯಿತೇ, ಹಣಕ್ಕಾಗಿ ಹೀಗೆ ಹೇಳುವರೇ ಎಂದು ಶಂಕಿಸುವವರುಂಟು. ಚುಚ್ಚಿದರೆ ರೋಗವು ಹರಡುವುದೆಂದು ಹೆದರುವವರೂ ಉಂಟು. ವಿಧಿವತ್ತಾಗಿ ಮಾಡಿದಲ್ಲಿ ಹಾಗಾಗುವುದು ಅತಿ ವಿರಳ. ರೋಗವು ಮರಳಿ ಬಂದಾಗ ಅದು ಹಳೆಯ ಕವಲೋ ಹೊಸದೋ ಎಂಬುದನ್ನರಿಯದೆ ಔಷಧವನ್ನು ಆರಿಸುವುದೇ ಹೆಚ್ಚಿನ ಅಪಾಯ. ಆದುದರಿಂದ ಶಂಕೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ, ಯಾವ ಭಾಗದಿಂದ, ಯಾವ ಕಾರಣಕ್ಕಾಗಿ ತೆಗೆಯುವರೆಂದು ವೈದ್ಯರನ್ನೇ ವಿನಯದಿಂದ ಕೇಳಿ ತಿಳಿಯತಕ್ಕದ್ದು. ಪರೀಕ್ಷೆಯ ವರದಿಯನ್ನು ಜೋಪಾನವಾಗಿಡತಕ್ಕದ್ದು. ಮೇಣದಲ್ಲಿ ಹುದುಗಿಸಿದ ತುಣುಕೂ ಗಾಜಿನ ಪಟ್ಟಿಯೂ ಎಲ್ಲಿವೆಯೆಂದು ವಿಚಾರಿಸಿ ಬರೆದಿಟ್ಟುಕೊಂಡರೆ, ಮುಂದೆ ಬೇರೊಬ್ಬ ತಜ್ಞರಿಗೆ ತೋರಿಸಬೇಕಾದಾಗ ಅವು ಉಪಯೋಗಕ್ಕೆ ಬರುವುವು.